ಏಳನೇ ನಂಬರಿನ ಹೆಪ್ಪು

ಹುದುಗಿಸುವ ಕೆಲಸಕ್ಕೆ ಬಿದ್ದವರ ಬದುಕಿನಲ್ಲಿ ಯಾವುದೂ ಮುಚ್ಚಳದ ಕೆಳಗೆ ಸುಮ್ಮನೆ ಕೂರುವುದಿಲ್ಲ. ವಾರಕ್ಕೊಮ್ಮೆಯಾದರೂ ಏನಾದರೊಂದು ಉಕ್ಕಿಯೇ ಉಕ್ಕುತ್ತದೆ. ನಾನು ಬಿಜಾಪುರದವಳು. ಗಂಡನಿಗೆ ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಕೆಲಸ. ನನಗೆ ನಾಶಿಕದ ಹೊರಗೆ, ದ್ರಾಕ್ಷಿ ತೋಟಗಳ ನಡುವೆ ಇರುವ ಒಂದು ಸಣ್ಣ ವೈನ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ನಾವಿಬ್ಬರು, ಎಂಟು ವರ್ಷದ ಮಗಳು, ಮತ್ತು ಅತ್ತೆ. ಇಲ್ಲಿ ಬರೆಯುವುದರಲ್ಲಿ ಅರ್ಧ ಲ್ಯಾಬಿನಲ್ಲಿ ಉಕ್ಕಿದ್ದು, ಉಳಿದರ್ಧ ಮನೆಯಲ್ಲಿ.

೧. ಮೊಸರಿನ ಆಫೀಸರ್

ಕೆಲಸ ಸಿಕ್ಕ ದಿನ ನಮ್ಮ ಮನೆಯವರು ಊರಿಗೆ ಫೋನ್ ಮಾಡಿ ತಾಯಿಗೆ ಸುದ್ದಿ ಹೇಳಿದರು. ಅತ್ತೆ ಆಗಿನ್ನೂ ಬಿಜಾಪುರದಲ್ಲೇ ಇದ್ದರು.

"ಫ್ಯಾಕ್ಟರಿಯೊಳಗ ಏನ ಮಾಡ್ತಾರಪಾ?" ಎಂದು ಅವರು ಕೇಳಿದರು.

ನಮ್ಮವರು ನನ್ನ ಮುಖ ನೋಡಿದರು, ಗೋಡೆ ನೋಡಿದರು. "ಹೆಪ್ಪ ಹಾಕ್ತಾರವಾ" ಎಂದುಬಿಟ್ಟರು.

ಸುಳ್ಳೇನಲ್ಲ. ಯೀಸ್ಟ್ ಅಂದರೆ ಹೆಪ್ಪೇ ತಾನೆ. ಪೂರ್ತಿ ಮಾತು ಹೇಳದಿರುವುದಕ್ಕೆ ಕಾರಣವೂ ಇತ್ತು. ಅತ್ತೆಯ ಚಿಕ್ಕಪ್ಪನ ಮಗನೊಬ್ಬ ಊರಲ್ಲಿ ಬಾರ್ ತೆಗೆದಿದ್ದ. ಅಂದಿನಿಂದ ಅತ್ತೆ ಆ ಮನೆಯ ಹೊಸ್ತಿಲು ತುಳಿದವರಲ್ಲ. "ಅಂವನ ಮನಿಯೊಳಗ ನಾ ನೀರ ಸೈತ ಕುಡ್ಯಂಗಿಲ್ಲ" ಎಂದರೆ ಕುಡಿಯುವುದಿಲ್ಲ. ಮದುವೆ, ಮುಂಜಿ, ತೊಟ್ಟಿಲು ಯಾವುದಕ್ಕೂ ಇಲ್ಲ.

ಆಮೇಲೆ ಅವರು ನಮ್ಮಲ್ಲಿಗೇ ಬಂದು ನೆಲೆಸಿದರು. ನನಗೆ ಕಾಲೇಜಿಗೆ ಹೋಗುವ ವಯಸ್ಸಿಗೇ ತಾಯಿ ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿ, "ಊಟಾ ಆತೇನವಾ?" ಎಂದು ಕೇಳುವವರು ಎಷ್ಟೋ ವರ್ಷದ ಮೇಲೆ ಸಿಕ್ಕಿದ್ದರು. ನಿಜ ಗೊತ್ತಾದರೆ ಚೀಲ ಕಟ್ಟಿಕೊಂಡು ಸಂಭಾಜಿನಗರದ ಮಗಳ ಮನೆಗೆ ಹೋಗಿಬಿಡುತ್ತಾರೆ ಎಂಬ ಹೆದರಿಕೆ ನನ್ನನ್ನು ಬಿಟ್ಟದ್ದೇ ಇಲ್ಲ. ಹೀಗಾಗಿ ಸುಳ್ಳಲ್ಲದ ಆ ಸುಳ್ಳನ್ನು ಏಳು ವರ್ಷ ಸಾಕಿದೆ.

ಅತ್ತೆ ಕಾಲನಿಯ ಕನ್ನಡದವರಿಗೆಲ್ಲ ಹೇಳಿದರು: "ನಮ್ಮ ಸೊಸಿ ಮೊಸರಿನ ಫ್ಯಾಕ್ಟರಿಯೊಳಗ ದೊಡ್ಡ ಆಫೀಸರ." ಈಗ ಮೊಸರಿನ ಆಫೀಸರ್ ಮನೆಗೆ ಮೊಸರು ತರದಿದ್ದರೆ ಹೇಗೆ? ಪ್ರತಿ ಶನಿವಾರ ದಾರಿಯ ಡೇರಿಯಿಂದ ಅರ್ಧ ಕಿಲೋ ಕೊಂಡು, ಡೇರಿಯ ಚೀಲ ಎಸೆದು, ಸ್ಟೀಲ್ ಡಬ್ಬಿಗೆ ಸುರಿದು ತರತೊಡಗಿದೆ.

ಮೊದಲ ಸಲ ಅತ್ತೆ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಹೇಳಿದರು: "ಬ್ಯಾಸರ ಮಾಡ್ಕೋಬ್ಯಾಡ. ನಿಮ್ಮ ಫ್ಯಾಕ್ಟರಿ ಹೆಪ್ಪು ಸುಮಾರದ. ನಿಮ್ಮ ಸಾಹೇಬರಿಗೆ ನನ್ನ ಹೆಸರ ಹೇಳಬ್ಯಾಡ, ಆದ್ರ ಹೇಳು."

೨. ನಿನ್ನೆಯ ಹಿಟ್ಟು

ನಮ್ಮ ಮಾಲೀಕರು ಅಪ್ಪಟ ನಾಶಿಕದವರು. ದ್ರಾಕ್ಷಿ ಸೀಸನ್ ಮುಗಿದ ಮೇಲೆ ಖಾಲಿ ಬಿದ್ದಿರುವ ಟ್ಯಾಂಕುಗಳನ್ನು ಕಂಡರೆ ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಯಾವುದೋ ದೇಶ ತಿರುಗಿ ಬಂದು, "ಮ್ಯಾಡಮ್, ಇನ್ನು ಅಕ್ಕಿಯಿಂದ ವೈನ್ ಮಾಡೋಣ" ಎಂದರು. ಅಕ್ಕಿ ಇಗತಪುರಿಯದು, ನೀರು ನಮ್ಮದು, ಯೀಸ್ಟ್ ಕೂಡ ಇಲ್ಲಿಯದೇ ಆಗಬೇಕು ಎಂದು ಹಟ.

ವಿಷಯ ಹೀಗಿದೆ. ಅನ್ನ ಒಂದೇ, ನೀರು ಒಂದೇ. ಆದರೆ ಯೀಸ್ಟಿನ ತಳಿ ಬದಲಾದರೆ ವೈನಿನ ರುಚಿಯೇ ಬದಲು. ಒಂದು ತಳಿ ಬಾಳೆಹಣ್ಣಿನ ಪರಿಮಳ ಕೊಡುತ್ತದೆ, ಇನ್ನೊಂದು ಸೇಬಿನದು, ಮತ್ತೊಂದು ಕೊಳೆತ ಮೊಟ್ಟೆಯದು. ಎಲ್ಲೆಲ್ಲಿಂದಲೋ ತಳಿಗಳನ್ನು ಹಿಡಿದು ತಂದು, ಒಂದೊಂದಕ್ಕೂ ಬೇರೆ ಬೇರೆಯಾಗಿ ಅನ್ನ ತಿನ್ನಿಸಿ, ಒಳ್ಳೆಯದನ್ನು ಆರಿಸುವುದು ನನ್ನ ಕೆಲಸ. ನಾವು ತಳಿ ಅನ್ನುವುದನ್ನು ಮಾಲೀಕರು ಮರಾಠಿಯಲ್ಲಿ ವಾಣ ಅನ್ನುತ್ತಾರೆ. ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಮಾವಶಿಗೆ ಅದು ವಿರಜಣ, ಅಂದರೆ ಹೆಪ್ಪು. ಮಾವಶಿ ಮತ್ತು ನಮ್ಮ ಅತ್ತೆ ಒಂದೇ ಪಂಗಡ.

ದ್ರಾಕ್ಷಿ ಸಿಪ್ಪೆ, ಇಪ್ಪೆ ಹೂ, ಬೇಕರಿ ಹಿಟ್ಟು ಎಲ್ಲದರಿಂದ ತಳಿ ತೆಗೆದೆ. ಇನ್ನು ಜಿಲೇಬಿಯ ಹುಳಿ ಹಿಟ್ಟೊಂದು ಬಾಕಿ ಇತ್ತು. ಒಂದು ದಿನ ಲ್ಯಾಬಿನಿಂದ ನೇರವಾಗಿ, ಬಿಳಿ ಕೋಟು ಬಿಚ್ಚದೆ, ಗಾಜಿನ ನಳಿಕೆ ಹಿಡಿದು ಹಳೇ ಪೇಟೆಯ ಒಂದು ಜಿಲೇಬಿ ಅಂಗಡಿಗೆ ಹೋದೆ.

"ಕಾಕಾ, ನಿನ್ನೆಯ ಹುಳಿ ಹಿಟ್ಟು ಸ್ವಲ್ಪ ಬೇಕು" ಎಂದೆ ಮರಾಠಿಯಲ್ಲಿ.

ಕಾಕಾನ ಕೈಯಲ್ಲಿದ್ದ ಜಾರಾ ಸೌಟು ಎಣ್ಣೆಯೊಳಗೇ ನಿಂತಿತು. "ಮ್ಯಾಡಮ್, ನಮ್ಮಲ್ಲಿ ನಿನ್ನೆಯದು ಅನ್ನೋದೇ ಇಲ್ಲ! ಎಲ್ಲಾ ಇವತ್ತಿಂದು!"

"ಮೊನ್ನೆಯದಿದ್ದರೆ ಇನ್ನೂ ಒಳ್ಳೆಯದು."

"ದೇವರಾಣೆ ಇಲ್ಲ!" ಎಂದು ಬಿಸಿ ಜಿಲೇಬಿಯ ಪೊಟ್ಟಣ ಕಟ್ಟಿ ನನ್ನ ಕೈಗೆ ತುರುಕಿದರು. ನಾನು ಹಳೆಯದನ್ನು ಕೇಳಿದಷ್ಟೂ ಅವರು ಹೊಸದನ್ನು ಕಟ್ಟುತ್ತಿದ್ದರು. ಮೂರನೇ ಪೊಟ್ಟಣ ಬಂದಾಗ ನನಗೆ ಅರ್ಥವಾಯಿತು. ಹತ್ತಿರ ಹೋಗಿ ಪಿಸುಗುಟ್ಟಿದೆ: "ಕಾಕಾ, ನಾನು ಆಹಾರ ತಪಾಸಣೆಯ ಇಲಾಖೆಯವಳಲ್ಲ. ದಾರೂ, ವೈನ್ ಮಾಡೋ ಕಡೆಯವಳು."

ಕಾಕಾ ದೊಡ್ಡ ಉಸಿರು ಬಿಟ್ಟರು. ಮೂರೂ ಪೊಟ್ಟಣ ವಾಪಸು ಕಿತ್ತುಕೊಂಡು, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಮುಚ್ಚಿದ ಡಬ್ಬಿ ಹೊರಗೆಳೆದರು. "ಹಾಗಂತ ಮೊದಲೇ ಹೇಳಬಾರದೆ! ತಗೊಳ್ಳಿ, ಇದು ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು!"

ಆ ಡಬ್ಬಿಯಿಂದ ಬಂದ ತಳಿಗೆ ಏಳನೇ ನಂಬರು ಕೊಟ್ಟೆ.

೩. ಸತ್ಯನಾರಾಯಣ ಪ್ರಸಾದ

ಹನ್ನೆರಡು ತಳಿ, ಹನ್ನೆರಡು ಬಾಟಲಿ ಅಕ್ಕಿ ವೈನ್ ತಯಾರಾಯಿತು. ರುಚಿ ನೋಡಿ ಹೇಳಲು ಜನ ಬೇಕು. ಹೊರಗಿನ ಪರಿಣತರನ್ನು ಕರೆಯುವ ತನಕ ನಮ್ಮವರೇ ಸಾಕು ಎಂದು ಮಾಲೀಕರು ಲೆಕ್ಕದ ಗುಮಾಸ್ತರನ್ನೂ ಗೇಟಿನ ವಾಚ್‌ಮನ್‌ನನ್ನೂ ಜೀಪಿನ ಡ್ರೈವರನನ್ನೂ ಕೂಡಿಸಿದರು. ನಾನು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ಮೂಸಿ, ಬಾಯಿಗೆ ಹಾಕಿ, ಉಗುಳಿ, ಏನು ನೆನಪಾಗುತ್ತದೋ ಬರೆಯಿರಿ" ಎಂದೆ.

ಗುಮಾಸ್ತರು ಹನ್ನೆರಡಕ್ಕೂ "ಠೀಕ್" ಎಂದು ಬರೆದು ಕೆಳಗೆ ಸಹಿ ಮಾಡಿ ಮೊಹರು ಒತ್ತಿದರು.

ವಾಚ್‌ಮನ್ ಗಂಗಾಪುರ ತಾಲೂಕಿನ ರೈತರ ಮನೆಯವನು. ಅವನ ಮೂಗು ಮಾತ್ರ ಚಿನ್ನ. ಮೂರನೇ ನಂಬರಿಗೆ "ಮಳೆಯಲ್ಲಿ ನೆನೆದ ಕಂಬಳಿ" ಎಂದು ಬರೆದ. ಸರಿಯಾಗೇ ಇತ್ತು. ಐದಕ್ಕೆ "ಹೆಂಡತಿಯ ಉಗುರುಬಣ್ಣ". ಅದೂ ಸರಿ. ಎರಡಕ್ಕೆ "ಅತ್ತೆಯ ಮನೆ" ಎಂದು ಬರೆದಿದ್ದ. ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದೆ. "ಮ್ಯಾಡಮ್, ಅಲ್ಲಿಗೆ ಹೋಗದೆ ನಾಲ್ಕು ವರ್ಷ ಆಯಿತು" ಎಂದ.

ಏಳನೇ ನಂಬರಿನ ಗ್ಲಾಸು ಮೂಗಿನ ಹತ್ತಿರ ಹೋದದ್ದೇ ತಡ, ಅವನು ಗ್ಲಾಸು ಕೆಳಗಿಟ್ಟು ಕಾಲಿನ ಚಪ್ಪಲಿ ಬಿಟ್ಟ. ಏನಪ್ಪಾ ಇದು ಎಂದು ಹಾಳೆ ನೋಡಿದರೆ "ಸತ್ಯನಾರಾಯಣ ಪೂಜೆಯ ಪ್ರಸಾದ" ಎಂದಿತ್ತು. ಮೂಸಿ ನೋಡಿದೆ. ತುಪ್ಪದಲ್ಲಿ ಬಾಳೆಹಣ್ಣು ಹಾಕಿ ಮಾಡಿದ ಶಿರಾ, ಹಾಗೇ ಇತ್ತು! ಒಂದು ತಳಿಗಾಗಿ ಆರು ತಿಂಗಳು ಅಲೆದದ್ದು ಸಾರ್ಥಕವಾಯಿತು ಎಂದು ನನಗೆ ಕಣ್ಣು ತುಂಬಿತು.

ಡ್ರೈವರನಿಗೆ ಗಾಡಿ ಓಡಿಸುವುದಿತ್ತು. ಅದಕ್ಕೇ ಅವನ ಹನ್ನೆರಡೂ ಗ್ಲಾಸಿಗೆ, ಅವನಿಗೆ ಹೇಳದೆ, ಬರೀ ಕುಡಿಯುವ ನೀರು ಹಾಕಿದ್ದೆ. ಕೊನೆಗೆ ಹಾಳೆ ಕೊಡಲು ಬಂದವನು ಗೋಡೆ ಹಿಡಿದು ನಿಂತ.

"ಮ್ಯಾಡಮ್, ಎಲ್ಲಾ ಮಸ್ತ್ ಇದೆ" ಎಂದು ಕೀಲಿ ಮುಂದೆ ಚಾಚಿದ. "ಆದರೆ ಇವತ್ತು ಗಾಡಿ ನೀವೇ ಓಡಿಸಿ."

೪. ಉಗುಳುವ ತಾಯಿ

ಮಗಳ ಶಾಲೆಯಲ್ಲಿ "ನನ್ನ ತಾಯಿಯ ಕೆಲಸ" ಎಂಬ ವಿಷಯದ ಮೇಲೆ ನಾಲ್ಕು ಸಾಲು ಮಾತಾಡಲು ಹೇಳಿದ್ದರು. ನಮ್ಮ ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಆಡಲು ಮಾತ್ರ ಮರಾಠಿಯೇ ಬಾಯಿಗೆ ಬರುತ್ತದೆ. ಅಜ್ಜಿಯ ಜೊತೆ ಅವಳ ಕನ್ನಡ "ಅಜ್ಜಿ, ಭೂಕ್ ಲಾಗಲೀ, ದೋಸೆ ದೇ", ಹಸಿವಾಗಿದೆ, ದೋಸೆ ಕೊಡು, ಎನ್ನುವಷ್ಟೇ. ಅತ್ತೆಗೆ ಮರಾಠಿ ಅಷ್ಟಕ್ಕಷ್ಟೇ. ಇದರಿಂದ ನನ್ನ ಗುಟ್ಟು ಮನೆಯಲ್ಲಿ ಭದ್ರವಾಗಿತ್ತು. ಶಾಲೆಯಲ್ಲಿ ಹಾಗಲ್ಲ.

ಮರುದಿನ ಬಾಯಿಯವರು, ಅಂದರೆ ಟೀಚರು, ನನ್ನನ್ನು ಕರೆಸಿದರು. ಮುಖ ಗಂಭೀರವಾಗಿತ್ತು.

"ನಿಮ್ಮ ಮಗಳು ಏನು ಹೇಳಿದಳು ಗೊತ್ತೇ? 'ಮಾಝೀ ಆಈ ಸಕಾಳೀ ದಾರೂ ಪಿತೇ ಆಣಿ ಥುಂಕತೇ.' ನನ್ನ ತಾಯಿ ಬೆಳಿಗ್ಗೆ ಬೆಳಿಗ್ಗೆ ದಾರೂ ಕುಡಿದು ಉಗುಳುತ್ತಾಳೆ ಎಂದು!"

ನಾನು ಬೆವರು ಒರೆಸಿಕೊಂಡು ಯೀಸ್ಟು, ತಳಿ, ಪರಿಮಳ ಎಂದೆಲ್ಲ ವಿವರಿಸಿದೆ. ರುಚಿ ನೋಡುವವರು ನುಂಗಬಾರದು, ನುಂಗಿದರೆ ಹತ್ತನೇ ಗ್ಲಾಸಿಗೆ ನಾಲಿಗೆ ಸುಳ್ಳು ಹೇಳುತ್ತದೆ, ಅದಕ್ಕೇ ಉಗುಳುವುದು ಎಂದೆ. ಮನೆಯಲ್ಲಿ ಹಿರಿಯರಿದ್ದಾರೆ, ದಯವಿಟ್ಟು ಮಾತು ಹೊರಗೆ ಹೋಗದಿರಲಿ ಎಂದೂ ಬೇಡಿಕೊಂಡೆ.

ಟೀಚರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಕುಡಿಯೋದು ಇರಲಿ, ಕೆಲಸ ಅಂದ ಮೇಲೆ ಮಾಡಬೇಕು. ಆದರೆ ಅಷ್ಟು ಒಳ್ಳೆಯದನ್ನ ಉಗುಳೋದು ನಿಮಗೆ ಸರಿ ಅನ್ನಿಸುತ್ತದೆಯೇ?"

೫. ಇಡ್ಲಿ ಎದ್ದಿತು

ನಾಶಿಕದ ಚಳಿಗೆ ಇಡ್ಲಿ ಹಿಟ್ಟು ಏಳುವುದಿಲ್ಲ. ಅತ್ತೆ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಿದರು, ಬಿಸಿಲಿಗೆ ಇಟ್ಟರು, ಕೊನೆಗೆ ಮಗನ ಸ್ವೆಟರನ್ನೂ ತೊಡಿಸಿದರು. ಹಿಟ್ಟು ಇಟ್ಟಂತೆಯೇ ಇತ್ತು.

"ಇಷ್ಟ ದೊಡ್ಡ ಹೆಪ್ಪಿನ ಫ್ಯಾಕ್ಟರಿಗೆ ಹೋಗ್ತಿ. ನನಗೊಂದ ಚಮಚ ಹೆಪ್ಪು ತಂದ ಕೊಡಾಕ ಆಗಂಗಿಲ್ಲೇನವಾ?" ಎಂದರು.

ಆ ಮಾತಿಗೆ ನಾನು ಸೋತೆ. ಏಳನೇ ನಂಬರು ತಿನ್ನುವ ಹಿಟ್ಟಿನಿಂದಲೇ ಬಂದದ್ದು, ತಿನ್ನಲು ಅಡ್ಡಿಯೇನಿಲ್ಲ. ಸಂಜೆ ಒಂದು ಪುಟ್ಟ ಡಬ್ಬಿಯಲ್ಲಿ ತಂದು ಅಡಿಗೆ ಕಟ್ಟೆಯ ಮೇಲಿಡಲು ಹೋದೆ.

"ಅಲ್ಲೇ ನಿಲ್ಲು!" ಎಂದರು ಅತ್ತೆ. "ಅದು ಅಕ್ಕೀದಲ್ಲ?"

"ಹೌದ್ರಿ, ಅನ್ನದ ಮ್ಯಾಲ ಬೆಳಸೇವ್ರಿ."

"ಇವತ್ತ ಏಕಾದಶಿ. ಅಕ್ಕಿ ಅಂಬೋದು ಮುಟ್ಟಂಗಿಲ್ಲ. ಹಣ್ಣು ಹಂಪಲ ಅಷ್ಟ. ಅದನ್ನ ಹೊರಗ ಕಟ್ಟಿ ಮ್ಯಾಲ ಇಡು, ನಾಳೆ ಮಾತಾಡಸ್ತೀನಿ."

ನಾಳೆ ಮಾತಾಡಿಸಿದರು. ಮರುದಿನದ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ, ಸ್ವೆಟರಿನ ಒಂದು ತೋಳಿನೊಳಗೂ ಹೊಕ್ಕಿತ್ತು. ಇಡ್ಲಿ ಹೂವಿನಂತೆ ಬಂತು, ಬಾಳೆಹಣ್ಣಿನ ತೆಳು ಪರಿಮಳ ಬೇರೆ. ನಮ್ಮ ಮನೆಯವರ ಡಬ್ಬಿ ವಿಮಾನ ಕಾರ್ಖಾನೆಯಲ್ಲಿ ಮಧ್ಯಾಹ್ನದ ತನಕ ಉಳಿಯದಾಯಿತು. ಅತ್ತೆ ಪ್ರತಿ ಸಲದ ಹಿಟ್ಟಿನಲ್ಲಿ ಒಂದು ಸೌಟು ತೆಗೆದಿಟ್ಟು ಮುಂದಿನದಕ್ಕೆ ಹಾಕುತ್ತ, ಏಳನೇ ನಂಬರನ್ನು ಸಾಕತೊಡಗಿದರು.

ಮೊದಲ ದಿನದ ಇಡ್ಲಿ ಮುರಿದು ನನ್ನ ತಟ್ಟೆಗೆ ಹಾಕುತ್ತ ಹೇಳಿದರು: "ಅಂತೂ ನಿಮ್ಮ ಸಾಹೇಬರಿಗೆ ನಾ ಹೇಳಿದ್ದು ಮುಟ್ಟೇದ."

೬. ಖಂಡೇನವಮಿ

ಆ ವರ್ಷದ ದ್ರಾಕ್ಷಿ ಸೀಸನ್ ಬಂತು, ಮುಗಿಯಿತು. ಮಳೆಯೂ ಕಳೆಯಿತು. ದಸರೆಯ ಮರುದಿನವೇ ಏಳನೇ ನಂಬರನ್ನು ದೊಡ್ಡ ಟ್ಯಾಂಕಿಗೆ ಹಾಕುವುದು, ತುಳಸಿ ಲಗ್ನ ಕಳೆದ ಮೇಲೆ ಮುಂಬೈಯ ದೊಡ್ಡ ಗಿರಾಕಿಗಳನ್ನು ಕರೆದು ರುಚಿ ತೋರಿಸುವುದು ಎಂದು ನಿಶ್ಚಯವಾಯಿತು.

ದಸರೆಯ ಹಿಂದಿನ ದಿನ ಖಂಡೇನವಮಿ. ಕತ್ತಿ ಕುಡುಗೋಲಿನಿಂದ ಕಂಪ್ಯೂಟರಿನವರೆಗೆ ಎಲ್ಲ ತೊಳೆದು ಒರೆಸಿ ಪೂಜೆ ಮಾಡುವ ದಿನ. ನಾನು ಲ್ಯಾಬಿಗೆ ಸ್ವಲ್ಪ ತಡವಾಗಿ ಹೋದೆ. ಬಾಗಿಲಿಗೆ ಚೆಂಡು ಹೂವಿನ ತೋರಣ, ಮೈಕ್ರೋಸ್ಕೋಪಿನ ಹಣೆಗೆ ಅರಿಸಿನ ಕುಂಕುಮ. ಮಾವಶಿ ಹೊಸ ಸೀರೆ ಉಟ್ಟು ನಗುತ್ತ ನಿಂತಿದ್ದರು.

ಫ್ರಿಜ್ ತೆಗೆದೆ. ಒಳಗೆ ಪಳಪಳ ಹೊಳೆಯುವ ಖಾಲಿ ನಳಿಕೆಗಳು. ಒಂದೊಂದರ ಬಾಯಲ್ಲೂ ಒಂದೊಂದು ಚೆಂಡು ಹೂ.

"ಮಾವಶಿ, ಇದರಲ್ಲಿ ಇದ್ದದ್ದು?"

"ಎಲ್ಲಾ ಕೆಟ್ಟು ಹೋಗಿತ್ತು ಮ್ಯಾಡಮ್, ಬಿಳೀ ಬೂಜು ಬಂದಿತ್ತು" ಎಂದರು ಮಾವಶಿ, ಪಾಪ, ಅಭಿಮಾನದಿಂದ. "ಕುದಿಯೋ ನೀರಲ್ಲಿ ಹಾಕಿ ಉಜ್ಜಿದೆ. ಮಾಲೀಕರ ರೂಮಿನ ಫ್ರಿಜ್ಜಿನಲ್ಲೂ ಇಂಥವೇ ಇದ್ದವು. ಅವನ್ನೂ ಬಿಡಲಿಲ್ಲ."

ಎರಡನೇ ಫ್ರಿಜ್ಜಿನಲ್ಲಿದ್ದದ್ದು ಆಪತ್ತಿಗೆಂದು ಎತ್ತಿಟ್ಟ ಇನ್ನೊಂದು ಸೆಟ್ಟು. ಜಿಲೇಬಿ ಕಾಕಾನ ಅಂಗಡಿಗೆ ಫೋನ್ ಮಾಡಿದರೆ ಅವರೂ ಹಬ್ಬಕ್ಕೆಂದು ಡಬ್ಬಿ ತೊಳೆದು ಹೊಸ ಹಿಟ್ಟು ಹಿಡಿದಿದ್ದರು. ನಾನು ಅವತ್ತು ಕೊಟ್ಟ ಹೆದರಿಕೆ ತಡವಾಗಿ ಫಲ ಕೊಟ್ಟಿತ್ತು.

ನನ್ನ ಮುಖ ನೋಡಿ ಮಾವಶಿಗೆ ಗಾಬರಿಯಾಯಿತು. ಏನೋ ತಪ್ಪಾಗಿದೆ ಎಂದು ತಿಳಿದು, ಸಮಾಧಾನ ಮಾಡಲು ನನ್ನನ್ನು ಗೋಡೆಯ ಹತ್ತಿರ ಕರೆದೊಯ್ದರು. ಅಲ್ಲಿ ಒಂದರಿಂದ ಹನ್ನೆರಡರವರೆಗೆ ನನ್ನ ಕೈಬರಹದ ಚೀಟಿಗಳು ಸಾಲಾಗಿ ಅಂಟಿದ್ದವು.

"ನಂಬರು ಒಂದೂ ಕಳೀಲಿಲ್ಲ ಮ್ಯಾಡಮ್" ಎಂದರು. "ಎಲ್ಲಾ ಜೋಪಾನ ಮಾಡಿದ್ದೇನೆ."

೭. ಗಾಡಿ ಬದಲಿ

ಭೂಮಿಯ ಮೇಲೆ ಏಳನೇ ನಂಬರು ಉಳಿದದ್ದು ಇನ್ನು ಒಂದೇ ಕಡೆ, ಅತ್ತೆಯ ಹಿಟ್ಟಿನಲ್ಲಿ. ಅತ್ತೆ ನವರಾತ್ರಿಗೆ ಸಂಭಾಜಿನಗರದ ಮಗಳ ಮನೆಗೆ ಹೋಗಿದ್ದರು. ನನ್ನ ನಾದಿನಿಯ ಗಂಡ ಬ್ಯಾಂಕಿನವರು, ಕರ್ನಾಟಕದಿಂದ ವರ್ಗವಾಗಿ ಅಲ್ಲಿಗೆ ಬಂದವರು. ಅತ್ತೆ ಹೋಗುವಾಗ ಬಟ್ಟೆ ಮರೆತರೂ ಹೆಪ್ಪಿನ ಡಬ್ಬಿ ಮರೆತಿರಲಿಲ್ಲ. ಫೋನ್ ಮಾಡಿದೆ.

"ಅತ್ತಿ, ಹೆಪ್ಪು ಅದ ಏನ್ರಿ?"

"ಅದನವಾ, ಯಾಕ?"

"ಒಂದ ಚಮಚ ಉಳಸ್ರಿ. ನಾಳೆ ನಾನ ಬಂದ ಒಯ್ತೀನ್ರಿ."

"ಹಬ್ಬದಾಗ, ಒಂದ ಚಮಚ ಹಿಟ್ಟಿಗೆ, ನಾಶಿಕದಿಂದ?" ಎಂದರು. ಆಮೇಲೆ ದನಿ ಮೆತ್ತಗಾಯಿತು. "ಆತು, ಬಾ. ತಿಳೀತು ನನಗ."

ಏನು ತಿಳಿಯಿತೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋದೆ. ಮಧ್ಯಾಹ್ನ ಮನೆ ಮುಟ್ಟಿದಾಗ ತಟ್ಟೆಯಲ್ಲಿ ಆರು ಉತ್ತಪ್ಪ ಸಿದ್ಧವಿದ್ದವು. ಅತ್ತೆ ಮೈದಡವಿ ಕೂಡಿಸಿದರು. "ಸೊಸಿ ಅಂದಾಕಿ ಬಾಯಿ ಬಿಟ್ಟ ಕೇಳಂಗಿಲ್ಲ. ನಿನಗ ನನ್ನ ಕೈ ಉತ್ತಪ್ಪ ತಿನ್ನೋ ಆಶಾ ಆಗೇದ ಅಂತ ತಿಳೀತು. ಡಬ್ಬಿ ಬಳದು ಎಲ್ಲಾ ಹಿಟ್ಟು ಹುಯ್ದೀನಿ. ತಿನ್ನು."

"ಹೆಪ್ಪು, ಅತ್ತಿ?"

"ಅದೂ ಅದರಾಗಽ ಅದ."

ನಮ್ಮ ಕಾರ್ಖಾನೆಯ ಭವಿಷ್ಯವನ್ನು ಚಟ್ನಿಯ ಜೊತೆ ತಿಂದೆ. ತಿನ್ನುತ್ತ ಅತ್ತುಬಿಟ್ಟೆ. ಉತ್ತಪ್ಪದ ರುಚಿಗೆ ಅಳುತ್ತಿದ್ದೇನೆಂದು ತಿಳಿದ ನಾದಿನಿ ಇನ್ನೊಂದು ಹಾಕಿದಳು. ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ಅದು ಅಷ್ಟ ಬೇಕಾಗಿತ್ತೇನು?"

"ಬೇಕಾಗಿತ್ರಿ. ಅದು ಹೋದ್ರ ಮತ್ತ ಸಿಗಂಗಿಲ್ರಿ."

ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿದರು. "ಹೆಪ್ಪು ಅಂಬೋದು ಒಬ್ಬರ ಮನಿಯೊಳಗ ಇಟ್ಟರ ಸಾಯ್ತದ. ಹಂಚಿದ್ರ ಉಳೀತದ. ನಡಿ." ಅಲ್ಲಿಗೆ ಬಂದ ಎಂಟು ದಿನದಲ್ಲೇ ಅವರು ಆ ಬಿಲ್ಡಿಂಗಿನ ಕನ್ನಡದ ಬ್ಯಾಂಕಿನವರ ಮನೆಗಳಿಗೆಲ್ಲ "ನಾಶಿಕದ ಹೆಪ್ಪು" ಹಂಚಿದ್ದರು. ಮೊದಲ ಮನೆಯಲ್ಲಿ ಅದಕ್ಕೆ ಸೋಡಾ ಬೆರೆಸಿದ್ದರು. ಎರಡನೆಯದರಲ್ಲಿ ಮುಗಿದಿತ್ತು. ಮೂರನೇ ಮಾಳಿಗೆಯ ಧಾರವಾಡದವರ ಫ್ರಿಜ್ಜಿನ ಮೂಲೆಯಲ್ಲಿ, ಒಂದು ಪುಟ್ಟ ಡಬ್ಬಿಯಲ್ಲಿ, ಏಳನೇ ನಂಬರು ಗುಳುಗುಳು ಅನ್ನುತ್ತಿತ್ತು.

"ಮುಚ್ಚಳ ಸಡ್ಲ ಇಡು" ಎಂದು ಅತ್ತೆ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟರು. "ಇದು ಉಕ್ಕೋ ಜಾತಿ."

ನಾನು ಚೆಲ್ಲೀತೆಂದು ಬಿಗಿ ಮಾಡಿದೆ. ರೈಲುಗಾಡಿ ಮನ್ಮಾಡಕ್ಕೆ ಇನ್ನೇನು ಬರಬೇಕು, ಆಗ ಟಪ್ ಎಂದು ಮುಚ್ಚಳ ಹಾರಿ ಎದುರು ಸೀಟಿನ ಕೆಳಗೆ ಹೋಯಿತು. ಡಬ್ಬಿಯಿಂದ ಬಿಳಿ ನೊರೆ ಏಳತೊಡಗಿತು. ಟಿಕೆಟ್ ನೋಡಲು ಬಂದ ಟೀಸಿ ಸಾಹೇಬರು ಅಲ್ಲೇ ನಿಂತು ಮೂಗರಳಿಸಿದರು.

"ಏನದು? ದಾರೂ ವಾಸನೆ!"

"ಇಡ್ಲಿ ಹಿಟ್ಟು ಸಾಹೇಬ್ರೇ."

ಅವರು ಬಗ್ಗಿ ಮೂಸಿದರು. ಇನ್ನೊಮ್ಮೆ ಮೂಸಿದರು. ನಾನು ದೇವರನ್ನು ನೆನೆಯುತ್ತಿದ್ದೆ. ಆಮೇಲೆ ಸೊಂಟ ನೆಟ್ಟಗೆ ಮಾಡಿ, ಜೇಬಿನಿಂದ ತಮ್ಮ ಖಾಲಿ ತಂಬಾಕಿನ ಡಬ್ಬಿ ತೆಗೆದು, ಅಂಗಿಯ ತುದಿಯಿಂದ ಚೆನ್ನಾಗಿ ಒರೆಸಿ ಮುಂದೆ ಹಿಡಿದರು.

"ಸ್ವಲ್ಪ ಕೊಡಿ ತಾಯಿ. ಮನ್ಮಾಡದಲ್ಲಿ ನಮ್ಮ ಮಿಸೆಸ್ ಮಾಡೋ ಇಡ್ಲಿ ಏಳೋದೇ ಇಲ್ಲ."

ಹೀಗೆ ನಮ್ಮ ಕಂಪನಿಯ ಗುಟ್ಟಿನ ತಳಿ, ಮನ್ಮಾಡ ಜಂಕ್ಷನ್ನಿನಲ್ಲಿ ಇಳಿದು ಗಾಡಿ ಬದಲಿಸಿತು.

೮. ಶಾಲು, ತೆಂಗಿನಕಾಯಿ

ಡಬ್ಬಿಯಲ್ಲಿ ಉಳಿದದ್ದನ್ನು ಲ್ಯಾಬಿನಲ್ಲಿ ಹರಡಿ, ಮೊಳೆತ ಚುಕ್ಕೆಗಳಲ್ಲಿ ಒಂದೊಂದನ್ನೇ ಎತ್ತಿ, ಮತ್ತೆ ಅನ್ನ ತಿನ್ನಿಸಿದೆ. ಒಂಬತ್ತನೇ ದಿನ ವಾಚ್‌ಮನ್‌ನನ್ನು ಕರೆದು ಮೂಸಿಸಿದೆ. ಅವನು ಚಪ್ಪಲಿ ಬಿಟ್ಟ. ಏಳನೇ ನಂಬರು ಮನೆಗೆ ಬಂದಿತ್ತು.

ಟ್ಯಾಂಕು ತುಂಬಿತು. ತುಳಸಿ ಲಗ್ನ ಕಳೆದ ಮೇಲೆ ಮುಂಬೈಯವರು ಬಂದು ಕುಡಿದರು, ಉಗುಳಲಿಲ್ಲ. ಆ ಖುಷಿಯಲ್ಲಿ ಮಾಲೀಕರು "ತಳಿ ಉಳಿದದ್ದು ಹೇಗೆ?" ಎಂದು ಕೇಳಿದರು. ನಾನೂ ಅದೇ ಖುಷಿಯಲ್ಲಿ ಎಲ್ಲ ಹೇಳಿಬಿಟ್ಟೆ. ಅದೇ ತಪ್ಪಾಯಿತು.

"ಆ ತಾಯಿಯನ್ನ ಸನ್ಮಾನ ಮಾಡಲೇಬೇಕು!" ಎಂದರು.

"ಸಾಹೇಬ್ರೇ, ಅವರಿಗೆ ಇದು ವೈನ್ ಫ್ಯಾಕ್ಟರಿ ಅಂತ ಗೊತ್ತಿಲ್ಲ. ಗೊತ್ತಾದರೆ ಅವರು ನಮ್ಮ ಮನೆಯಲ್ಲಿ ನೀರೂ ಮುಟ್ಟೋದಿಲ್ಲ. ಬೇಕಾದರೆ ಕೆಲಸ ಬಿಡ್ತೇನೆ, ಅವರನ್ನ ಬಿಡಲಾರೆ" ಎಂದು ಕೈ ಮುಗಿದೆ.

"ಚಿಂತೆ ಬೇಡ. ಬರೀ ಶಾಲು, ತೆಂಗಿನಕಾಯಿ" ಎಂದರು.

ಒಂದು ಬೆಳಿಗ್ಗೆ ಬಂದೇ ಬಿಟ್ಟರು. ಅತ್ತೆ ಪೂಜೆ ಮುಗಿಸಿ ಪಪ್ಪಾಯಿ ಹೋಳು, ದ್ರಾಕ್ಷಿ ತಿನ್ನುತ್ತ ಕೂತಿದ್ದರು. ಮಾಲೀಕರು ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಕಾಲಿಗೆ ನಮಸ್ಕಾರ ಮಾಡಿದರು. ಅತ್ತೆ ತಮ್ಮ ಹರಕು ಮರಾಠಿಯಲ್ಲಿ "ಮೊದಲ ನಿಮ್ಮ ಮೊಸರು ಸುಮಾರ ಇತ್ತು" ಎಂದರು. ಮಾಲೀಕರು ಯಾವ ಮೊಸರು ಎಂದು ಕೇಳದೆ ತಲೆಯಾಡಿಸಿದರು. ಎಲ್ಲ ಚೆನ್ನಾಗಿ ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಅವರಿಗೆ ಭಕ್ತಿ ಉಕ್ಕಿ ಬಂತು. ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದು ಅತ್ತೆಯ ಮುಂದಿಟ್ಟೇ ಬಿಟ್ಟರು. ಭತ್ತದ ತೆನೆಯ ಚಿತ್ರವಿದ್ದ ಮೊದಲ ಬಾಟಲಿ.

"ಆಜೀ, ಇದು ನಿಮ್ಮ ಹೆಪ್ಪಿನದು. ಮೊದಲ ಬಾಟಲಿ ನಿಮಗೇ."

ನಮ್ಮ ಮನೆಯವರು ಥಟ್ಟನೆ ಮೇಲಿನ ನೀರಿನ ಟಾಕಿ ನೋಡುವುದು ನೆನಪಾಗಿ ಮೆಟ್ಟಿಲು ಹತ್ತಿದರು. ಅತ್ತೆ ಬಾಟಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಬಿರಡೆಯ ಹತ್ತಿರ ಮೂಗು ಒಯ್ದರು.

"ಇದು ಅಕ್ಕೀದೇನ್ರಿ?" ಎಂದರು ಅದೇ ಹರಕು ಮರಾಠಿಯಲ್ಲಿ.

"ನೂರಕ್ಕೆ ನೂರು ಅಕ್ಕಿ, ಆಜೀ!" ಎಂದರು ಮಾಲೀಕರು ಎದೆ ಉಬ್ಬಿಸಿ.

ಅತ್ತೆ ಬಾಟಲಿಯನ್ನು ಕೆಳಗಿಟ್ಟು, ಎರಡೇ ಬೆರಳಿನಿಂದ ದೂರ ತಳ್ಳಿದರು.

ನನ್ನಿಂದ ತಡೆಯಲಾಗಲಿಲ್ಲ. ಅಲ್ಲೇ ಅವರ ಕಾಲ ಹತ್ತಿರ ಕೂತೆ. "ಅತ್ತಿ, ತಪ್ಪಾತ್ರಿ. ಏಳು ವರ್ಷದಿಂದ ನಿಮಗ ಸುಳ್ಳ ಹೇಳೀನ್ರಿ. ನಮ್ಮದು ಮೊಸರಿನ ಫ್ಯಾಕ್ಟರಿ ಅಲ್ರಿ. ಶನಿವಾರದ ಮೊಸರೂ ಅಂಗಡೀದ್ರಿ. ಊರಿಗೆ ಹೋಗಬ್ಯಾಡ್ರಿ, ಸಂಭಾಜಿನಗರಕ್ಕೂ ಹೋಗಬ್ಯಾಡ್ರಿ..."

"ಗೊತ್ತದ ಏಳು" ಎಂದರು ಅತ್ತೆ. "ಬಂದ ಮೊದಲನೇ ವಾರನಽ ಗೊತ್ತಾಗೇದ. ನಿನ್ನ ಸೀರಿ ತೊಳ್ಯಾಕಿ ನಾನಽ ಅಲ್ಲೇನು? ಯಾವ ಮೊಸರು ದ್ರಾಕ್ಷಿ ವಾಸನಿ ಬರ್ತದ?"

"ಮತ್ತ ಆ ಬಾರ್ ತಗದವರ ಮನಿಗೆ ನೀವು..."

"ಅಂವ ತಾನೂ ಕುಡದು ಮನಿ ಮುಳುಗಿಸಿದ. ನೀ ಉಗುಳಿ ಮನಿ ನಡಸ್ತಿ. ಮೊಮ್ಮಗಳು ಎಲ್ಲಾ ಹೇಳ್ಯಾಳ." ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಅಳುತ್ತಿದ್ದೆ. ಬಾಗಿಲ ಹಿಂದೆ ನಿಂತಿದ್ದ ಮಗಳು ಒಳಗೆ ಓಡಿದಳು. ಮಾಲೀಕರು, ಕನ್ನಡ ಒಂದಕ್ಷರ ತಿಳಿಯದಿದ್ದರೂ, ಕರ್ಚೀಫು ತೆಗೆದಿದ್ದರು.

"ಹಂಗಾರ ಬಾಟಲಿ ಯಾಕ ದೂರ ತಳ್ಳಿದ್ರಿ, ಅತ್ತಿ?" ಎಂದು ಕೇಳಿದೆ ಕಣ್ಣೊರೆಸಿಕೊಂಡು.

ಅತ್ತೆ ನನ್ನ ದಡ್ಡತನಕ್ಕೆ ನಿಟ್ಟುಸಿರಿಟ್ಟರು. ತಟ್ಟೆಯಲ್ಲಿ ಉಳಿದಿದ್ದ ದ್ರಾಕ್ಷಿ ಗೊಂಚಲಿನ ಕಡೆ ಒಮ್ಮೆ, ಮಾಲೀಕರ ಕಡೆ ಒಮ್ಮೆ ನೋಡಿದರು.

"ಇವತ್ತ ಏಕಾದಶಿ ಅಲ್ಲೇನವಾ? ಅಕ್ಕೀದು ನಡ್ಯಂಗಿಲ್ಲ. ದ್ರಾಕ್ಷೀದು ತಂದಿದ್ರ, ಹಣ್ಣು ಅಂತ ನಡೀತಿತ್ತು."